ವೈಫೈ ಇದೆ, ಇಂಟರ್ನೆಟ್ ಇಲ್ಲ!

ಮಗಳ ಬಾಣಂತನಕ್ಕೆ ಡಲ್ಲಾಸ್‌ಗೆ ಹೊರಟಿದ್ದೆ. ಒಬ್ಬಳೇ, ಅದೂ ಮೊದಲ ಸಲ. ಡಿಸೆಂಬರ್ ಮಂಜಿನಿಂದ ಬೆಂಗಳೂರಲ್ಲೇ ವಿಮಾನ ತಡವಾಗಿ, ಕೊಲ್ಲಿ ದೇಶದ ಆ ದೊಡ್ಡ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಮುಂದಿನ ವಿಮಾನ ಹೋಗಿಬಿಟ್ಟಿತ್ತು. ಕೌಂಟರಿನವರು ಮರುದಿನ ಬೆಳಿಗ್ಗೆಯ ಟಿಕೆಟ್ ಕೊಟ್ಟರು. ನನ್ನ ಚಿಂತೆ ಅದಲ್ಲ. ಅಳಿಯ ಹಳೇ ಸಮಯಕ್ಕೇ ಬಂದು ಕಾಯ್ತಾನೆ, ಎಲ್ಲರೂ ಹೊರಬಂದರೂ ಅತ್ತೆ ಕಾಣಲ್ಲ. ಮನೇಲಿ ದಿನ ತುಂಬಿದ ಮಗಳು. ಅವಳಿಗೆ ಏನಂತ ಹೇಳ್ತಾನೆ?

ಯಜಮಾನರು ರೋಮಿಂಗ್ ಹಾಕಿಸ್ಕೋ ಅಂದಿದ್ದರು. 'ಅಷ್ಟು ದುಡ್ಡು ಯಾಕ್ರೀ, ಏರ್‌ಪೋರ್ಟಲ್ಲಿ ಫ್ರೀ ವೈಫೈ ಇರತ್ತಲ್ಲ' ಅಂತ ಜಾಣತನ ತೋರಿಸಿದವಳು ನಾನೇ.

ವೈಫೈ ಇತ್ತು. ಫೋನಿನ ಮೇಲೆ ಬೀಸಣಿಗೆಯಂಥ ಆ ಗುರುತೂ ಬಂತು. ಆದರೆ ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜೂ ಹೋಗದು. ಆಫ್ ಮಾಡಿದೆ, ಆನ್ ಮಾಡಿದೆ, ಕಿಟಕಿ ಹತ್ತಿರ ಹೋಗಿ ನಿಂತೆ. ಮುಕ್ಕಾಲು ಗಂಟೆ ಹೀಗೇ ಕಳೆಯಿತು. ಕೊನೆಗೆ ನೆಲ ಒರೆಸುತ್ತಿದ್ದ ಕೇರಳದ ಹುಡುಗ ನನ್ನ ಮುಖ ನೋಡಿ 'ಏನಮ್ಮಾ?' ಎಂದ. ಫೋನ್ ತಗೊಂಡು ಬ್ರೌಸರ್ ತೆರೆದ. ನಿಲ್ದಾಣದವರ ಪುಟವೊಂದು ಬಂತು. ಷರತ್ತಿಗೆ ಒಪ್ಪಿಗೆ ಒತ್ತಿದ, ಅಷ್ಟೇ! ಆ ಗುರುತು ಬಂದರೆ ಗೇಟಿನ ತನಕ ಬಂದ ಹಾಗೆ. ಒಪ್ಪಿಗೆ ಒತ್ತಿದರೆ ಮಾತ್ರ ಗೇಟು ತೆಗೀತಾರೆ. ಎಷ್ಟೋ ಸಲ ಆ ಪುಟ ತಾನಾಗೇ ಬರುತ್ತದೆ, ಬಾರದಿದ್ದರೆ ನಾವೇ ಬ್ರೌಸರ್ ತೆರೆಯಬೇಕು.

ಖುಷಿಯಲ್ಲಿ ಕರೆ ಮಾಡಿದರೆ ಅದೂ ಹೋಗಲಿಲ್ಲ. ಕೆಲವು ಕೊಲ್ಲಿ ದೇಶಗಳಲ್ಲಿ ವಾಟ್ಸ್ಆ್ಯಪ್ ಕರೆಗೆ ತಡೆ ಇದೆ, ಮೆಸೇಜಿಗೆ ಇಲ್ಲ. 'ಮಾತಾಡಿ ಕಳಿಸಿ ಅಮ್ಮಾ' ಎಂದು ಮೈಕಿನ ಚಿತ್ರ ತೋರಿಸಿದ. ಗಾಬರಿಯಲ್ಲಿ ಟಿಕೆಟ್ ನಂಬರನ್ನು ಎರಡೆರಡು ಸಲ ಓದಿದೆ.

ನಮ್ಮಲ್ಲಿ ತೊಡಕು ಬೇರೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಮೊಬೈಲ್ ನಂಬರ್ ಕೊಟ್ಟು, ಓಟಿಪಿ ಹಾಕಿ ಒಳಹೋಗಿದ್ದೆ. ಇದು ಸುಮ್ಮನೆ ಕಿರಿಕಿರಿ ಅಂದುಕೊಂಡಿದ್ದೆ. ಹಾಗಲ್ಲವಂತೆ. 2008ರ ಅಹಮದಾಬಾದ್ ಸ್ಫೋಟದ ಹೊತ್ತಿಗೆ ಉಗ್ರರು ಯಾರದೋ ಮನೆಯ ಪಾಸ್‌ವರ್ಡ್ ಇಲ್ಲದ ವೈಫೈನಿಂದ ಇಮೇಲ್ ಕಳಿಸಿದ್ದರು. 2009ರಲ್ಲಿ ದೂರಸಂಪರ್ಕ ಇಲಾಖೆ, ಸಾರ್ವಜನಿಕ ವೈಫೈ ಬಳಸುವವರು ಯಾರೆಂದು ಗೊತ್ತಿರಬೇಕು ಎಂದು ಸೂಚಿಸಿತು. ಸರಿಯೇ. ಆದರೆ ಭಾರತದ ಸಿಮ್ ಇಲ್ಲದೆ ರಜೆಗೆ ಬರೋ ನಮ್ಮ ಮಕ್ಕಳು, ಮೊಮ್ಮಕ್ಕಳು ಓಟಿಪಿಗೆ ಏನು ಮಾಡಬೇಕು? ಕೆಲವು ಕಡೆ ಪಾಸ್‌ಪೋರ್ಟ್ ತೋರಿಸಿದರೆ ಕೂಪನ್ ಕೊಡ್ತಾರೆ, ಕೇಳಿ ನೋಡಿ.

ಇನ್ನೊಂದು ಮಾತು. ನಿಲ್ದಾಣದ ಹೆಸರನ್ನೇ ಹೋಲುವ ಕಳ್ಳ ವೈಫೈ ಯಾರು ಬೇಕಾದರೂ ಹಾಕಬಹುದು. ಗೋಡೆಯ ಫಲಕದಲ್ಲಿರುವ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ. ಬ್ಯಾಂಕಿನ ವ್ಯವಹಾರ ಮನೆಗೆ ಹೋದ ಮೇಲೇ ಇರಲಿ. ಟಿಕೆಟ್, ವಿಳಾಸ, ಫೋನ್ ನಂಬರುಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಹತ್ತಿರ ಮಗಳ ನಂಬರು ಫೋನಿನಲ್ಲಿ ಮಾತ್ರ ಇತ್ತು, ಅದರ ಚಾರ್ಜು ನೂರಕ್ಕೆ 11!

ಮೆಸೇಜು ಹೋಗಿ ಹತ್ತು ನಿಮಿಷಕ್ಕೆ ಎರಡು ನೀಲಿ ಗೀಟು ಬಿತ್ತು. ಹಿಂದೆಯೇ ಮಗಳ ದನಿ: 'ಅಮ್ಮಾ, ಕೇಳಿಸ್ತು. ಏನಾದ್ರೂ ತಿಂದ್ಯಾ?'

ಆಗ ನೆನಪಾಯಿತು, ಕಟ್ಟಿಕೊಂಡ ಚಪಾತಿ ಬ್ಯಾಗಿನಲ್ಲೇ ಇತ್ತು. ಆ ಹುಡುಗನಿಗೂ ಎರಡು ಕೊಟ್ಟೆ.