ಮೇವು ಕತ್ತರಿಸುವ ಯಂತ್ರದ ಅಲಗು ಹರಿತವಾಗಿರಲಿ



“ಹಸು ದಂಟನ್ನೆಲ್ಲ ಗೋದಲಿಯಲ್ಲೇ ಬಿಡುತ್ತಿದೆ, ಏನೋ ರೋಗವಿರಬೇಕು” ಎಂದು ಅನೇಕ ಸದಸ್ಯರು ಹೇಳಿ ಕಳುಹಿಸುತ್ತಾರೆ. ಹೋಗಿ ನೋಡಿದರೆ ಹಸುವಿಗೆ ಜ್ವರವಿಲ್ಲ, ಮೆಲುಕೂ ಸರಿಯಾಗಿದೆ. ಗೋದಲಿಯಲ್ಲಿ ಉಳಿದ ದಂಟನ್ನು ಕೈಗೆತ್ತಿಕೊಂಡರೆ ಕಾರಣ ತಿಳಿಯುತ್ತದೆ. ಅದು ಕತ್ತರಿಸಿದ ದಂಟಲ್ಲ, ಜಜ್ಜಿ ನಾರು ನಾರಾದ ದಂಟು. ದೋಷವಿರುವುದು ಹಸುವಿನಲ್ಲಲ್ಲ, ಚಾಫ್ ಕಟರಿನ ಅಲಗಿನಲ್ಲಿ.

ಮೊಂಡು ಅಲಗಿನಿಂದ ಆಗುವ ನಷ್ಟ

ಮುಸುಕಿನ ಜೋಳದ ದಂಟನ್ನಾಗಲಿ ನೇಪಿಯರ್ ಹುಲ್ಲನ್ನಾಗಲಿ ಉದ್ದುದ್ದ ಬಿಟ್ಟರೆ ರಾಸು ಎಲೆಯನ್ನು ಆರಿಸಿ ತಿಂದು ದಂಟನ್ನು ಬಿಡುತ್ತದೆ. ನೀರು, ಗೊಬ್ಬರ ಹಾಕಿ ಬೆಳೆದ ಮೇವು ತಿಪ್ಪೆ ಸೇರುತ್ತದೆ. ಮೋಟಾರಿಗೆ ಹೊರೆ ಹೆಚ್ಚಿ ವಿದ್ಯುತ್ತೂ ಹೆಚ್ಚು ಖರ್ಚಾಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಕೈಯ ಅಪಾಯ. ಅಲಗು ಮೊಂಡಾದಾಗ ಮೇವು ಸಿಕ್ಕಿಕೊಳ್ಳುತ್ತದೆ, ಆಗ ನಾವು ಕೈಯಿಂದ ತಳ್ಳುತ್ತೇವೆ. ನನಗೆ ಪರಿಚಯದ ಸದಸ್ಯೆಯೊಬ್ಬರು ಹೀಗೆ ತಳ್ಳುತ್ತಿದ್ದಾಗ ಎರಡು ಬೆರಳು ಕಳೆದುಕೊಂಡರು. ಯಂತ್ರ ಚೆನ್ನಾಗಿಯೇ ಇತ್ತು. ಅಲಗನ್ನು ಮಾತ್ರ ವರ್ಷದಿಂದ ಮಸೆದಿರಲಿಲ್ಲ. ಇಂದಿಗೂ ಅವರಿಗೆ ಆ ಕೈಯಿಂದ ಹಾಲು ಕರೆಯಲಾಗುವುದಿಲ್ಲ.

ಕತ್ತರಿಸುವುದು ಅಲಗೊಂದೇ ಅಲ್ಲ

ಕತ್ತರಿಗೆ ಎರಡು ಅಲಗು ಇರುವಂತೆ ಈ ಯಂತ್ರಕ್ಕೂ ಎರಡು ಬಾಯಿ. ಚಕ್ರದೊಡನೆ ತಿರುಗುವ ಅಲಗು ಒಂದು, ಮೇವಿನ ದೋಣಿಯ ಬಾಯಲ್ಲಿ ಅಲುಗದೆ ಕೂತಿರುವ ಕೆಳಪಟ್ಟಿ ಇನ್ನೊಂದು. ಪಟ್ಟಿಯ ಅಂಚು ಸವೆದು ದುಂಡಗಾಗಿದ್ದರೆ ಹೊಸ ಅಲಗು ಹಾಕಿದರೂ ಪ್ರಯೋಜನವಿಲ್ಲ. ಕೆಲವು ಯಂತ್ರಗಳಲ್ಲಿ ಈ ಪಟ್ಟಿಯನ್ನು ತಿರುವಿ ಹಾಕಿ ಇನ್ನೊಂದು ಅಂಚನ್ನು ಬಳಸಬಹುದು.

ಅಲಗು ಕೊಳ್ಳುವಾಗ

ಹಳೆಯ ಅಲಗನ್ನು ಅಂಗಡಿಗೆ ಒಯ್ಯಿರಿ. ಉದ್ದ, ಬಾಗು, ತೂತುಗಳ ಅಂತರ ಎಲ್ಲವೂ ಹೊಂದಬೇಕು. ಚಕ್ರದ ಅಲಗುಗಳನ್ನು ಜೊತೆಯಾಗಿಯೇ ಬದಲಾಯಿಸಿ. ಒಂದು ಭಾರ, ಒಂದು ಹಗುರವಾದರೆ ಚಕ್ರ ಅದುರಿ ಬೋಲ್ಟ್ ಸಡಿಲವಾಗುತ್ತದೆ. ಬಿರುಕು ಬಿಟ್ಟ ಅಲಗಿಗೆ ವೆಲ್ಡಿಂಗ್ ಮಾಡಿಸಬೇಡಿ. ಅದು ಚಕ್ರ ತಿರುಗುವಾಗ ಮುರಿದು ಸಿಡಿಯಬಹುದು.

ಮಸೆಯುವ ಕ್ರಮ

ಅಲಗಿನ ಒಂದು ಬದಿ ಇಳಿಜಾರು, ಇನ್ನೊಂದು ಬದಿ ಚಪ್ಪಟೆ. ಇಳಿಜಾರು ಬದಿಯನ್ನು ಮಾತ್ರ, ಮೊದಲಿದ್ದ ಓರೆಯಲ್ಲೇ ಮಸೆಯಿರಿ. ಚಪ್ಪಟೆ ಬದಿಯಲ್ಲಿ ಏಳುವ ಸಣ್ಣ ಮುಳ್ಳನ್ನು ಕಲ್ಲಿನಿಂದ ಹಗುರವಾಗಿ ಒರೆಸಿ ತೆಗೆದರೆ ಸಾಕು. ಸಾಣೆ ಚಕ್ರಕ್ಕೆ ಕೊಟ್ಟರೆ ಮಧ್ಯೆ ಮಧ್ಯೆ ನೀರಿನಲ್ಲಿ ಅದ್ದಿಸಿ. ಅಂಚು ನೀಲಿಗಟ್ಟಿದರೆ ಹದ ಹೋಯಿತೆಂದೇ ಅರ್ಥ; ಅಂತಹ ಅಲಗು ಬೇಗ ಮೊಂಡಾಗುತ್ತದೆ. ಎಲ್ಲ ಅಲಗುಗಳನ್ನೂ ಸಮನಾಗಿ ಮಸೆಯಬೇಕು.

ಜೋಡಿಸುವ ಕ್ರಮ

ಪ್ಲಗ್ ಕಿತ್ತು, ಬೆಲ್ಟ್ ಬಿಚ್ಚಿ, ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟ ಮೇಲೆಯೇ ಅಲಗು ಮುಟ್ಟಿರಿ. ಅಲಗಿಗೂ ಕೆಳಪಟ್ಟಿಗೂ ನಡುವೆ ಒಂದು ಪೋಸ್ಟ್ ಕಾರ್ಡಿನ ದಪ್ಪದಷ್ಟು ಸಂದು ಇರಲಿ, ಅಲಗಿನ ಉದ್ದಕ್ಕೂ ಒಂದೇ ಸಮ. ಸಂದು ಹೆಚ್ಚಾದರೆ ಹುಲ್ಲು ಮಡಚಿಕೊಂಡು ಜಜ್ಜುತ್ತದೆ, ಎರಡೂ ತಾಗಿದರೆ ಅಂಚು ಹಾಳಾಗುತ್ತದೆ. ಸ್ಪ್ರಿಂಗ್ ವಾಷರ್ ಹಾಕಿ ಬೋಲ್ಟ್ ಬಿಗಿ ಮಾಡಿ. ಅಡ್ಡ ಕೊಟ್ಟ ಮರ ತೆಗೆದು, ಬೆಲ್ಟ್ ಹಾಕುವ ಮೊದಲೇ ಚಕ್ರವನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಮೇವಿನ ತುಂಡು ಎರಡು-ಮೂರು ಸೆಂಟಿಮೀಟರ್ ಇದ್ದರೆ ಸಾಕು. ಹಿಟ್ಟಿನಂತೆ ಸಣ್ಣಗೆ ಮಾಡಿದರೆ ರಾಸು ಸರಿಯಾಗಿ ಮೆಲುಕು ಹಾಕುವುದಿಲ್ಲ, ಹಾಲಿನ ಜಿಡ್ಡಿನಂಶವೂ ಇಳಿಯುತ್ತದೆ.

ಕಬ್ಬಿಣದ ಚೂರಿನ ಬಗ್ಗೆ ಎಚ್ಚರ

ಅಲಗು ಚಕ್ಕೆ ಎದ್ದಿದ್ದರೆ ಅಥವಾ ವಾಷರ್, ಬೋಲ್ಟ್ ಬಿದ್ದುಹೋಗಿದ್ದರೆ ಮೊದಲು ಅದನ್ನು ಹುಡುಕಿ, ಸಿಗದಿದ್ದರೆ ಆ ಮೇವನ್ನು ರಾಸಿಗೆ ಹಾಕಬೇಡಿ. ಹಸು ಕಬ್ಬಿಣವನ್ನು ಬೇರ್ಪಡಿಸದೆ ನುಂಗುತ್ತದೆ. ಚೂಪಾದ ಚೂರು ಎರಡನೆಯ ಹೊಟ್ಟೆಯಲ್ಲಿ ನಿಂತು, ಅದರ ಗೋಡೆ ಚುಚ್ಚಿ ಪಕ್ಕದಲ್ಲೇ ಇರುವ ಹೃದಯದವರೆಗೂ ಹೋಗಬಲ್ಲದು. ಆ ಹಂತ ತಲುಪಿದ ಹಸು ಉಳಿಯುವುದು ಅಪರೂಪ. ಕತ್ತರಿಸಿದ ಮೇವಿನ ಮೇಲೆ ಆಯಸ್ಕಾಂತವೊಂದನ್ನು ಆಡಿಸುವುದು ಒಳ್ಳೆಯ ಅಭ್ಯಾಸ.

ಮರೆಯಬಾರದ ಮಾತುಗಳು

ಚಕ್ರಕ್ಕೂ ಬೆಲ್ಟಿಗೂ ರಕ್ಷಣಾ ಕವಚವಿರಲಿ. ದೋಣಿ ಮೂರು ಅಡಿ ಉದ್ದವಿದ್ದು ಉರುಳೆಯ ಕಡೆಯ ಅರ್ಧ ಭಾಗ ಮೇಲಿನಿಂದ ಮುಚ್ಚಿರಲಿ. ಸಿಕ್ಕಿಕೊಂಡ ಮೇವನ್ನು ಯಂತ್ರ ನಿಲ್ಲಿಸಿಯೇ ತೆಗೆಯಿರಿ. ಸೆರಗು, ಬಳೆ, ಸಡಿಲ ತೋಳು ಬೇಡ. ಮಕ್ಕಳನ್ನು ಹತ್ತಿರ ಸೇರಿಸಬೇಡಿ. ದುರದೃಷ್ಟದಿಂದ ಬೆರಳು ತುಂಡಾದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಕಟ್ಟಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ವಾರಕ್ಕೊಮ್ಮೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅಲಗು, ಪಟ್ಟಿ, ಬೋಲ್ಟುಗಳನ್ನು ಪರೀಕ್ಷಿಸಿ. ಮೇವೂ ಉಳಿಯುತ್ತದೆ, ರಾಸೂ ಉಳಿಯುತ್ತದೆ, ಹಾಲು ಕರೆಯುವ ಕೈಯೂ ಉಳಿಯುತ್ತದೆ.