ಬಿಸಿಲೂರಿನಲ್ಲಿ ಬಿಸಿಲಿನ ಬರ

ನಮ್ಮ ರಾಯಚೂರಿಗೆ ಎರಡೇ ಕಾಲ: ಬೇಸಿಗೆ, ಕಡುಬೇಸಿಗೆ. ಇಂಥ ಊರಲ್ಲಿದ್ದು ನನ್ನ ರಕ್ತದ ವಿಟಮಿನ್ ಡಿ ಬರೀ 9 ಅಂತ ರಿಪೋರ್ಟ್ ಬಂದಾಗ ಮನೆಯವರು ಲ್ಯಾಬಿನವರನ್ನೇ ಬೈದರು. 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. ಲ್ಯಾಬಿನವರದೇನೂ ತಪ್ಪಿರಲಿಲ್ಲ, ಲೂಪಸ್ ಬಂದ ಆರು ವರ್ಷದಿಂದ ನಾನು ಬಿಸಿಲಿನ ಜೊತೆ ಠೂ ಬಿಟ್ಟಿದ್ದೇನೆ.

ಲೂಪಸ್ ಅಂದರೆ ಬೇಲಿಯೇ ಎದ್ದು ಹೊಲ ಮೇಯುವ ಕಾಯಿಲೆ. ರೋಗಾಣುಗಳಿಂದ ಕಾಯಬೇಕಾದ ವ್ಯವಸ್ಥೆ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೇ ಬೀಳುತ್ತದೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ನಮ್ಮಲ್ಲಿ ಬಹಳ ಜನರಿಗೆ ಬಿಸಿಲು ತಾಗಿದರೆ ಕಾಯಿಲೆ ಕೆರಳುತ್ತದೆ. ಹಾಗಾಗಿ ಕೊಡೆ, ತುಂಬುತೋಳಿನ ರವಿಕೆ, ಮುಖಕ್ಕೆ ಸನ್‌ಸ್ಕ್ರೀನ್.

"ಎಳಿ ಬಿಸಲಾಗ ಒಂದ್ ತಾಸ್ ಕುಂದ್ರವಾ, ಎಲುಬು ಗಟ್ಟಿ ಆಗ್ತಾವ" ಎಂದು ಅತ್ತೆ ದಿನಾ ಹೇಳುತ್ತಿದ್ದರು. ತೊಡಕು ಇಲ್ಲೇ ಇದೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಅತಿನೇರಳೆ-ಬಿ ಕಿರಣ ಬೇಕು. ಮುಂಜಾನೆಯ ಓರೆ ಬಿಸಿಲಿನಲ್ಲಿ ಅದು ತೀರಾ ಕಡಿಮೆ, ನಡುಮಧ್ಯಾಹ್ನ ಹೇರಳ. ಆ ಮಧ್ಯಾಹ್ನದ ಬಿಸಿಲೇ ನನಗೆ ವಿಷ. ಬಸ್ಸಿನ ಕಿಟಕಿಯ ಗಾಜು ಇನ್ನೂ ಮೋಸ: ಬಿ ಕಿರಣವನ್ನು ತಡೆಯುತ್ತದೆ, ಚರ್ಮ ಕೆರಳಿಸುವ ಎ ಕಿರಣವನ್ನು ಒಳಗೆ ಬಿಡುತ್ತದೆ. ಲಾಭವಿಲ್ಲ, ಲುಕ್ಸಾನು ಮಾತ್ರ. ಊಟದಿಂದ ತುಂಬಿಕೊಳ್ಳೋಣವೆಂದರೆ ಮೀನು, ಮೊಟ್ಟೆ ಬಿಟ್ಟು ನಮ್ಮ ರೊಟ್ಟಿ ಪಲ್ಯದಲ್ಲಿ ಅದು ಇಲ್ಲವೆಂದೇ ಹೇಳಬೇಕು. ಜೊತೆಗೆ ನಾನು ನುಂಗುವ ಸ್ಟಿರಾಯ್ಡ್ ಎಲುಬನ್ನು ಸವೆಸುತ್ತದೆ.

ಡಾಕ್ಟರಮ್ಮ 60,000 ಯೂನಿಟ್‌ನ ಪುಡಿಯ ಸ್ಯಾಷೆ ಬರೆದುಕೊಟ್ಟರು. ವಾರಕ್ಕೊಂದು, ಎಂಟು ವಾರ, ಊಟವಾದ ಮೇಲೆ ಹಾಲಿನಲ್ಲಿ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಅದಕ್ಕೇ ಹಾಲು. ನಾನೋ, ಮಿಕ್ಕ ಗುಳಿಗೆಗಳ ಜೊತೆ ಸೇರಿಸಿ ದಿನಕ್ಕೊಂದರಂತೆ ಮೂರು ದಿನ ಕುಡಿದುಬಿಟ್ಟೆ. ನಾಲ್ಕನೆಯ ದಿನ ಚೀಟಿ ಓದಿದ ಮಗಳು ಕಿರುಚಿದಳು. ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿದೆವು, ಸದ್ಯ ಏನೂ ಆಗಿರಲಿಲ್ಲ. ಆದರೆ ವಾರಗಟ್ಟಲೆ ಹೀಗೇ ಕುಡಿದಿದ್ದರೆ ಅದು ಮೈಯಲ್ಲಿ ಶೇಖರವಾಗಿ ರಕ್ತದ ಕ್ಯಾಲ್ಸಿಯಂ ಏರುತ್ತಿತ್ತು. ವಾಂತಿ, ವಿಪರೀತ ಬಾಯಾರಿಕೆ, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು.

ಪುಡಿ ಕುಡಿದರೆ ಲೂಪಸ್ಸೇ ಹೋಗುತ್ತದೆಯೇ? ಇಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು 1,006 ರೋಗಿಗಳನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಿಟಮಿನ್ ಡಿ ಮಟ್ಟ ಏರಿದವರಲ್ಲಿ ಕಾಯಿಲೆಯ ಉಪಟಳವೂ ಮೂತ್ರದಲ್ಲಿ ಪ್ರೋಟೀನ್ ಸೋರುವುದೂ ಸ್ವಲ್ಪ ತಗ್ಗಿದ್ದು ಕಂಡಿತ್ತು. ಆದರೆ 2015ರಲ್ಲಿ ಪ್ರಕಟವಾದ ಹನ್ನೆರಡು ವಾರಗಳ ಪ್ರಯೋಗವೊಂದರಲ್ಲಿ, ಲೂಪಸ್ ರೋಗಿಗಳ ರಕ್ತದಲ್ಲಿ ಕಾಣುವ ಇಂಟರ್‌ಫೆರಾನ್ ಗುರುತು ವಿಟಮಿನ್ ಡಿಯಿಂದ ತಗ್ಗಲಿಲ್ಲ. ಎಲುಬಿಗೆ ಆಸರೆ ಅನ್ನುವುದಷ್ಟೇ ನನ್ನ ಲೆಕ್ಕ. ಲೂಪಸ್ಸಿಗೆಂದು ನುಂಗುವ ಹೈಡ್ರಾಕ್ಸಿಕ್ಲೋರೊಕ್ವಿನ್ ಗುಳಿಗೆಯನ್ನು ಒಂದು ದಿನವೂ ಬಿಟ್ಟಿಲ್ಲ.

ಮೂರು ತಿಂಗಳ ನಂತರ 34 ಬಂತು. ಈಗ ತಿಂಗಳಿಗೊಂದು ಸ್ಯಾಷೆ, ಅದೂ ರವಿವಾರ. ಹಾಲು ಕಾಸಿ ಕೊಡುವವರು ಅತ್ತೆಯೇ.

ನಿಮ್ಮ ಮನೆಯಲ್ಲೂ ಇಂಥ ಸ್ಯಾಷೆ ಇದ್ದರೆ, ಡಬ್ಬಿಯ ಮೇಲೆ ಯಾವ ದಿನ ಕುಡಿಯಬೇಕೆಂದು ದಪ್ಪ ಅಕ್ಷರದಲ್ಲಿ ಬರೆದಿಡಿ.