ಚರ್ಚಾಸ್ಪರ್ಧೆಯಲ್ಲಿ ಹುಡುಗಿಯರು

ಚರ್ಚೆಗೆ ಹೆಸರಾದ ಆಕ್ಸ್‌ಫರ್ಡ್ ಯೂನಿಯನ್ ಹುಟ್ಟಿದ್ದು 1823ರಲ್ಲಿ. ಹೆಣ್ಣುಮಕ್ಕಳಿಗೆ ಅಲ್ಲಿ ಪೂರ್ಣ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. 1977ರ ಹೊತ್ತಿಗೆ ಬೆನಜೀರ್ ಭುಟ್ಟೋ ಅದರ ಅಧ್ಯಕ್ಷೆ. 1963ರವರೆಗೆ ಅಡ್ಡಿಯಾಗಿದ್ದದ್ದು ನಿಯಮವೇ.

ಈಗ ಆ ಅಡ್ಡಿ ಇಲ್ಲ. ಆದರೂ ಹುಡುಗಿಯರು ಹಿಂಜರಿಯುವ ಘಟ್ಟ ಒಂದಿದೆ. ವಿಶ್ವವಿದ್ಯಾಲಯಗಳ ಜಾಗತಿಕ ಸ್ಪರ್ಧೆ ನಡೆಯುವುದು ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿಯಲ್ಲಿ. ಇಬ್ಬಿಬ್ಬರ ನಾಲ್ಕು ತಂಡ. ವಿಷಯ ಗೊತ್ತಾಗುವುದು 15 ನಿಮಿಷ ಮೊದಲು. ಒಬ್ಬೊಬ್ಬರಿಗೆ 7 ನಿಮಿಷ. ಮೊದಲ, ಕೊನೆಯ ನಿಮಿಷ ಬಿಟ್ಟು ಉಳಿದ ಹೊತ್ತಿನಲ್ಲಿ ಎದುರಾಳಿ ಎದ್ದು ನಿಂತು ಪ್ರಶ್ನೆ ಕೇಳಬಹುದು. ಮಾತಾಡುತ್ತಿರುವವರು ಬೇಡವೆಂದರೆ ಕೂರಬೇಕು. ‘ಎದುರುತ್ತರ ಕೊಡಬೇಡ’ ಎಂದು ಕೇಳುತ್ತಲೇ ಬೆಳೆದವಳಿಗೆ ಕಷ್ಟವಾಗುವುದು ಇಲ್ಲೇ: ನಡುವೆ ಎದ್ದು ಕೇಳುವುದೂ ಕಷ್ಟ, ‘ಈಗ ಬೇಡ, ಕೂತ್ಕೊಳ್ಳಿ’ ಎನ್ನುವುದೂ ಕಷ್ಟ.

ಅಭ್ಯಾಸವೇ ಇದಕ್ಕೆ ಮದ್ದು. ತರಬೇತಿಯಲ್ಲಿ ಪ್ರತಿಯೊಬ್ಬಳೂ ಒಂದು ಪ್ರಶ್ನೆ ಕೇಳಲೇಬೇಕು, ಒಂದನ್ನು ನಿರಾಕರಿಸಲೇಬೇಕು. ಹುಡುಗಿಯರಿಗೆ ಮಂಡನೆ, ಹುಡುಗರಿಗೆ ಖಂಡನೆ ಎಂಬ ಹಂಚಿಕೆ ಬಿಡಬೇಕು. ಕರ್ನಾಟಕದ ಶಾಲೆಗಳ ಪ್ರತಿಭಾ ಕಾರಂಜಿಯಲ್ಲೂ ಚರ್ಚಾಸ್ಪರ್ಧೆ ಇದೆ. ಆದರೆ ಶಿಕ್ಷಕರು ಬರೆದುಕೊಟ್ಟದ್ದನ್ನು ಬಾಯಿಪಾಠ ಒಪ್ಪಿಸಿದರೆ ಅದು ಬರೀ ಭಾಷಣ.

ತೀರ್ಪುಗಾರರ ಪಾಲೂ ಇದೆ. ಹುಡುಗನ ದನಿ ಏರಿದರೆ ಆತ್ಮವಿಶ್ವಾಸ, ಹುಡುಗಿಯದು ಏರಿದರೆ ಜಗಳಗಂಟಿತನ ಎಂದು ಅಂಕ ಹಾಕುವಂತಿಲ್ಲ, ತೂಗಬೇಕಾದದ್ದು ವಾದವನ್ನು. ಇನ್ನು, ಸುತ್ತುಗಳು ಮುಗಿಯುವಾಗ ಕತ್ತಲಾಗುವುದುಂಟು. ಜೊತೆಗೊಬ್ಬ ಶಿಕ್ಷಕಿ, ಮರಳಲು ವಾಹನ, ಇಷ್ಟಿದ್ದರೆ ಎಷ್ಟೋ ಮನೆಗಳಲ್ಲಿ ಬೇಡ ಎನ್ನುವುದಿಲ್ಲ.